ಗೆದ್ದ ಕದನಗಳು, ಬರಿದಾದ ಉಗ್ರಾಣಗಳು: ಎರಡನೇ ಮಹಾಯುದ್ಧದ ದಿಕ್ಕು ತಿರುಗಿದ ಬಗೆ

1942ರ ಮೇ 27ರ ಮಧ್ಯಾಹ್ನ ಅಮೆರಿಕದ ವಿಮಾನವಾಹಕ ನೌಕೆ ಯಾರ್ಕ್‌ಟೌನ್ ಹವಾಯಿಯ ಪರ್ಲ್ ಹಾರ್ಬರ್ ಬಂದರಿಗೆ ಬಂದಾಗ ಅದರ ಹಿಂದೆ ಮೈಲಿಗಟ್ಟಲೆ ಎಣ್ಣೆಯ ಜಾಡು ತೇಲುತ್ತಿತ್ತು. ಸುಮಾರು ಮೂರು ವಾರಗಳ ಹಿಂದೆ ಕೋರಲ್ ಸಮುದ್ರದ ಕದನದಲ್ಲಿ ಜಪಾನಿನ ಬಾಂಬೊಂದು ಅದರ ಮೇಲಟ್ಟವನ್ನು ಸೀಳಿ ಒಳಗಿನ ಅಂತಸ್ತುಗಳಲ್ಲಿ ಸಿಡಿದಿತ್ತು. ಸರಿಯಾದ ದುರಸ್ತಿಗೆ ಮೂರು ತಿಂಗಳು ಬೇಕೆಂಬುದು ಮೊದಲ ಅಂದಾಜು. ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಚೆಸ್ಟರ್ ನಿಮಿಟ್ಜ್ ಕೊಟ್ಟದ್ದು ಮೂರು ದಿನ. ಮರುದಿನ ಬೆಳಿಗ್ಗೆ ಹಡಗನ್ನು ಡ್ರೈ ಡಾಕಿಗೆ, ಅಂದರೆ ನೀರು ಬಸಿದು ಹಡಗು ದುರಸ್ತಿ ಮಾಡುವ ಕಟ್ಟೆಗೆ, ತಂದು, ನೀರು ಪೂರ್ತಿ ಬಸಿದು ಹೋಗುವ ಮೊದಲೇ ಪರಿಶೀಲನೆ ಆರಂಭವಾಯಿತು. ಸಾವಿರಕ್ಕೂ ಹೆಚ್ಚು ಕೆಲಸಗಾರರು ಹಗಲು ರಾತ್ರಿ ಎನ್ನದೆ ಒಡೆದ ಕಡೆಗೆ ಉಕ್ಕಿನ ತಗಡು ಬೆಸೆದರು, ಮುರಿದ ಗೋಡೆಗಳಿಗೆ ಮರದ ಆಸರೆ ಕೊಟ್ಟರು. ಮೇ 30ರಂದು ಯಾರ್ಕ್‌ಟೌನ್ ಮತ್ತೆ ಕಡಲಿಗಿಳಿಯಿತು. ಐದು ದಿನಗಳ ನಂತರ ಮಿಡ್‌ವೇ ದ್ವೀಪದ ಬಳಿ, ಅದು ಅಲ್ಲಿರಲು ಸಾಧ್ಯವೇ ಇಲ್ಲವೆಂದು ನಂಬಿದ್ದ ಜಪಾನೀಯರ ಎದುರಿಗೆ ಅದು ನಿಂತಿತ್ತು.

ಈ ಡ್ರೈ ಡಾಕ್ ಉಳಿದುಕೊಂಡದ್ದು ಹೇಗೆ ಎಂಬ ಪ್ರಶ್ನೆಯಿಂದಲೇ ನಮ್ಮ ವಿಷಯವನ್ನು ಆರಂಭಿಸಬಹುದು. 1941ರ ಡಿಸೆಂಬರ್ 7ರಂದು ಜಪಾನ್ ಇದೇ ಬಂದರಿನ ಮೇಲೆ ಎರಗಿ ಎಂಟು ಯುದ್ಧನೌಕೆಗಳನ್ನು ಮುಳುಗಿಸಿತು ಅಥವಾ ಜಖಂಗೊಳಿಸಿತು. ಜಗತ್ತು ಬೆಚ್ಚಿಬಿದ್ದ ಗೆಲುವು ಅದು. ಆದರೆ ಆ ದಿನ ಬಂದರಿನಲ್ಲಿ ಅಮೆರಿಕದ ಒಂದೂ ವಿಮಾನವಾಹಕ ನೌಕೆ ಇರಲಿಲ್ಲ. ಬಂದರಿನ ದುರಸ್ತಿ ಕಾರ್ಖಾನೆಗಳಾಗಲಿ, ಸುಮಾರು 45 ಲಕ್ಷ ಬ್ಯಾರೆಲ್ ಎಣ್ಣೆ ತುಂಬಿದ್ದ ಟ್ಯಾಂಕುಗಳಾಗಲಿ ದಾಳಿಗೆ ಸಿಗಲಿಲ್ಲ. ಎಂಟು ಯುದ್ಧನೌಕೆಗಳಲ್ಲಿ ಆರಿಸೋನ ಮತ್ತು ಒಕ್ಲಹೋಮ ಬಿಟ್ಟು ಉಳಿದ ಆರೂ ದುರಸ್ತಿಯಾಗಿ ಯುದ್ಧಕ್ಕೆ ಮರಳಿದವು. ಪೆಟ್ಟು ದೊಡ್ಡದಾಗಿತ್ತು, ಆದರೆ ಪೆಟ್ಟು ತಿಂದವನ ಉಗ್ರಾಣಕ್ಕೆ ಬೆಂಕಿ ಬಿದ್ದಿರಲಿಲ್ಲ.

ಯಾವುದೇ ಕದನವನ್ನು ನಿರ್ಣಾಯಕ ಎಂದು ಕರೆಯುವ ಮುನ್ನ ಇದನ್ನು ಗಮನಿಸಬೇಕು. ಸತ್ತವರ ಸಂಖ್ಯೆಯಾಗಲಿ, ವಶವಾದ ಊರಿನ ಹೆಸರಾಗಲಿ, ವಿಜಯೋತ್ಸವದ ಅಬ್ಬರವಾಗಲಿ ನಿರ್ಣಾಯಕತೆಯ ಅಳತೆಗೋಲಲ್ಲ. ಸೋತವನು ಕಳೆದುಕೊಂಡದ್ದನ್ನು, ಅಗತ್ಯವಿದ್ದ ಕಾಲದೊಳಗೆ, ಮತ್ತೆ ತುಂಬಿಕೊಳ್ಳಲು ಸಾಧ್ಯವಾಯಿತೇ ಎಂಬುದೇ ಅಳತೆ. ಪಳಗಿದ ಸೈನಿಕ, ಎಣ್ಣೆ, ಹಡಗು, ರೈಲು ಬೋಗಿ, ಕೊನೆಗೆ ಕಾಲ: ಇವುಗಳಲ್ಲಿ ಒಂದು ಖಾಲಿಯಾಗಿ, ತುಂಬುವ ದಾರಿಯೂ ಮುಚ್ಚಿದರೆ ಆ ಕದನದಿಂದ ಯುದ್ಧದ ದಿಕ್ಕು ತಿರುಗುತ್ತದೆ. ಹಾಗಾಗದಿದ್ದರೆ ಎಷ್ಟೇ ದೊಡ್ಡ ಗೆಲುವೂ ಮುಂದಿನ ಕದನದವರೆಗಿನ ಬಿಡುವು ಮಾತ್ರ. 1940ರಲ್ಲಿ ಫ್ರಾನ್ಸನ್ನು ಆರು ವಾರಗಳಲ್ಲಿ ಮಣಿಸಿದ ಜರ್ಮನಿಗೆ ದಕ್ಕಿದ್ದು ಈ ಎರಡನೇ ಬಗೆಯ ಗೆಲುವು. ಬ್ರಿಟನ್ ಉಳಿಯಿತು, ಅದರ ಕಡಲದಾರಿಗಳು ತೆರೆದೇ ಇದ್ದವು.

ಮಿಡ್‌ವೇಗೆ ಮರಳೋಣ. ಜಪಾನಿನ ನೌಕಾಪಡೆಯ ಮುಖ್ಯಸ್ಥ ಇಸೊರೊಕು ಯಾಮಾಮೊಟೊ ಅಮೆರಿಕದ ಉಳಿದ ವಿಮಾನವಾಹಕ ನೌಕೆಗಳನ್ನು ಬಲೆಗೆ ಸೆಳೆದು ಮುಳುಗಿಸಬೇಕೆಂದು, ಪೆಸಿಫಿಕ್ ಸಾಗರದ ನಡುವಿನ ಈ ಪುಟ್ಟ ದ್ವೀಪದ ಮೇಲೆ ದಾಳಿ ಯೋಜಿಸಿದ. ಆದರೆ ಹವಾಯಿಯಲ್ಲಿ ಜೋಸೆಫ್ ರೋಷ್‌ಫೋರ್ಟ್ ಎಂಬ ಅಧಿಕಾರಿಯ ತಂಡ ಜಪಾನೀ ನೌಕಾಪಡೆಯ ಗೂಢಲಿಪಿಯನ್ನು ಭಾಗಶಃ ಭೇದಿಸಿತ್ತು. ಸಂದೇಶಗಳಲ್ಲಿ ‘ಎಎಫ್’ ಎಂಬ ಗುರಿಯ ಹೆಸರು ಪದೇ ಪದೇ ಬರುತ್ತಿತ್ತು. ಅದು ಮಿಡ್‌ವೇ ಎಂಬ ಊಹೆಯನ್ನು ಖಚಿತಪಡಿಸಿಕೊಳ್ಳಲು ಅವರು ಹೂಡಿದ ಉಪಾಯ ಸರಳವಾದದ್ದು: ತಮ್ಮಲ್ಲಿ ಸಿಹಿನೀರು ತಯಾರಿಸುವ ಯಂತ್ರ ಕೆಟ್ಟಿದೆ ಎಂದು ಮಿಡ್‌ವೇ ನೆಲೆಯಿಂದ ಯಾವ ಗೂಢಲಿಪಿಯೂ ಇಲ್ಲದ ರೇಡಿಯೊ ಸಂದೇಶ ಹೊರಡಿಸಲಾಯಿತು. ಸ್ವಲ್ಪ ಸಮಯದಲ್ಲೇ ‘ಎಎಫ್‌ನಲ್ಲಿ ನೀರಿನ ಕೊರತೆಯಿದೆ’ ಎಂಬರ್ಥದ ಜಪಾನೀ ಸಂದೇಶ ಕೇಳುಗರ ಕಿವಿಗೆ ಬಿತ್ತು.

ಜೂನ್ 4ರ ಬೆಳಿಗ್ಗೆ ಅಡ್ಮಿರಲ್ ನಗುಮೊ ನೇತೃತ್ವದಲ್ಲಿ ಅಕಾಗಿ, ಕಾಗಾ, ಸೊರ್ಯು, ಹಿರ್ಯು ಎಂಬ ನಾಲ್ಕು ವಿಮಾನವಾಹಕ ನೌಕೆಗಳು ದ್ವೀಪದ ಮೇಲೆ ಮೊದಲ ದಾಳಿ ಮಾಡಿದವು. ಕಾಗಾ ಬಿಟ್ಟು ಉಳಿದ ಮೂರು ನಮಗೂ ಅಪರಿಚಿತವಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರಕ್ಕೆ ನುಗ್ಗಿ ಕೊಲಂಬೊ ಮತ್ತು ಟ್ರಿಂಕೋಮಲಿ ಬಂದರುಗಳ ಮೇಲೆ ಬಾಂಬ್ ಸುರಿದು, ಬ್ರಿಟನ್ನಿನ ಹರ್ಮಿಸ್ ಎಂಬ ವಿಮಾನವಾಹಕ ನೌಕೆಯನ್ನು ಮುಳುಗಿಸಿದ ಪಡೆಯಲ್ಲಿ ಇವು ಇದ್ದವು. ಜಪಾನಿನ ಇನ್ನೊಂದು ತುಕಡಿಯ ವಿಮಾನಗಳು ಆಗಲೇ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೂ ಬಾಂಬ್ ಹಾಕಿದ್ದವು. ಬಂಗಾಳ ಕೊಲ್ಲಿಯನ್ನು ನಡುಗಿಸಿದ ಹಡಗುಗಳಿಗೆ ಆಗ ಉಳಿದಿದ್ದ ಆಯುಸ್ಸು ಎರಡು ತಿಂಗಳು.

ದ್ವೀಪದ ಮೇಲೆ ಎರಡನೇ ದಾಳಿ ಬೇಕೆಂಬ ವರದಿ ಬಂದಾಗ ನಗುಮೊ, ಹಡಗುಗಳ ವಿರುದ್ಧ ಬಳಸಲೆಂದು ಟಾರ್ಪಿಡೊ ಕಟ್ಟಿಟ್ಟಿದ್ದ ವಿಮಾನಗಳಿಗೆ ನೆಲದ ಗುರಿಗೆ ತಕ್ಕ ಬಾಂಬುಗಳನ್ನು ಕಟ್ಟಲು ಆಜ್ಞೆಯಿತ್ತ. ಆ ಕೆಲಸ ಅರ್ಧವಾಗಿದ್ದಾಗ, ತಡವಾಗಿ ಹೊರಟಿದ್ದ ಶೋಧಕ ವಿಮಾನವೊಂದು ಅಮೆರಿಕದ ಹಡಗುಗಳನ್ನು ಕಂಡಿರುವುದಾಗಿ ತಿಳಿಸಿತು. ಬಾಂಬು ಬಿಚ್ಚಿ ಮತ್ತೆ ಟಾರ್ಪಿಡೊ ಕಟ್ಟುವ ಗಡಿಬಿಡಿಯಲ್ಲಿ ಹಡಗಿನ ಒಳಗಿನ ವಿಮಾನದ ಕೊಠಡಿಗಳು ಪೆಟ್ರೋಲು ತುಂಬಿದ ವಿಮಾನಗಳಿಂದಲೂ ಉಗ್ರಾಣಕ್ಕೆ ಹಿಂತಿರುಗದ ಬಾಂಬುಗಳಿಂದಲೂ ಕಿಕ್ಕಿರಿದವು. ಅದೇ ಹೊತ್ತಿಗೆ ಅಮೆರಿಕದ ಟಾರ್ಪಿಡೊ ವಿಮಾನಗಳು ನೀರಿಗೆ ಹತ್ತಿರವಾಗಿ, ರಕ್ಷಣೆಯಿಲ್ಲದೆ ಬಂದು ಒಂದೊಂದಾಗಿ ಉರುಳಿದವು. ಹಾರ್ನೆಟ್ ನೌಕೆಯಿಂದ ಬಂದ 15 ಟಾರ್ಪಿಡೊ ವಿಮಾನಗಳಲ್ಲಿ ಒಂದೂ ಹಿಂತಿರುಗಲಿಲ್ಲ, ಬದುಕುಳಿದವನು ಒಬ್ಬನೇ. ಅವರನ್ನು ಅಟ್ಟಾಡಿಸುತ್ತ ಜಪಾನಿನ ಕಾವಲು ವಿಮಾನಗಳು ಚದುರಿ ಹೋದವು. ಸುಮಾರು 10 ಗಂಟೆ 20 ನಿಮಿಷ ದಾಟಿದ ಮೇಲೆ, ಹಿಂದೆ ಉಳಿದು ವೇಗವಾಗಿ ಓಡುತ್ತಿದ್ದ ಜಪಾನಿನ ಒಂಟಿ ಡಿಸ್ಟ್ರಾಯರ್ ಹಡಗಿನ ಜಾಡು ಹಿಡಿದು ಬಂದ, ಅಮೆರಿಕದ ವೇಡ್ ಮೆಕ್‌ಕ್ಲಸ್ಕಿಯ ಡೈವ್ ಬಾಂಬರುಗಳು ನೆತ್ತಿಯಿಂದ ನೇರವಾಗಿ ಧುಮುಕಿದವು; ಯಾರ್ಕ್‌ಟೌನಿನ ತುಕಡಿಯೂ ಬಹುತೇಕ ಅದೇ ಗಳಿಗೆಗೆ ಬಂದು ಸೇರಿತು. ಕೆಲವೇ ನಿಮಿಷಗಳಲ್ಲಿ ಮೂರು ಹಡಗುಗಳು ಹೊತ್ತಿ ಉರಿದವು. ನಾಲ್ಕನೆಯದಾದ ಹಿರ್ಯು ಯಾರ್ಕ್‌ಟೌನಿಗೆ ಮಾರಕ ಪೆಟ್ಟು ಕೊಟ್ಟು, ಸಂಜೆಗೆ ತಾನೂ ಬಲಿಯಾಯಿತು.

ಈ ಕಥೆ ಹೇಳುವಾಗ ‘ಜಪಾನಿನ ಶ್ರೇಷ್ಠ ಪೈಲಟ್‌ಗಳೆಲ್ಲ ಮಿಡ್‌ವೇಯಲ್ಲಿ ಸತ್ತರು’ ಎಂಬ ಮಾತು ರೂಢಿಯಾಗಿಬಿಟ್ಟಿದೆ. ಅದು ಪೂರ್ತಿ ನಿಜವಲ್ಲ. ಜಪಾನ್ ಕಳೆದುಕೊಂಡ ಸುಮಾರು 3,000 ಜನರಲ್ಲಿ ವಿಮಾನ ಸಿಬ್ಬಂದಿ ಸುಮಾರು 110 ಮಾತ್ರ. ಹೆಚ್ಚಾಗಿ ಸತ್ತವರು ಹಡಗಿನ ಒಡಲಲ್ಲಿದ್ದ ಎಂಜಿನ್ ಕೆಲಸಗಾರರು ಮತ್ತು ವಿಮಾನಗಳ ಮೆಕ್ಯಾನಿಕ್‌ಗಳು. ಪೈಲಟ್‌ಗಳ ಬಳಗ ಸೊರಗಿದ್ದು ಅದರ ನಂತರ ತಿಂಗಳುಗಟ್ಟಲೆ ನಡೆದ ಗ್ವಾಡಲ್‌ಕನಾಲ್ ದ್ವೀಪದ ಹೋರಾಟದಲ್ಲಿ. ಮಿಡ್‌ವೇಯನ್ನು ನಿರ್ಣಾಯಕವಾಗಿಸಿದ್ದು ಹಡಗುಕಟ್ಟೆಗಳ ಲೆಕ್ಕ. ಅಮೆರಿಕ ಯುದ್ಧ ಮುಗಿಯುವುದರೊಳಗೆ ಎಸೆಕ್ಸ್ ವರ್ಗದ ಬೃಹತ್ ವಿಮಾನವಾಹಕ ನೌಕೆಗಳನ್ನೇ 17 ಸೇವೆಗೆ ಸೇರಿಸಿತು. ನಾಲ್ಕರ ಜಾಗ ತುಂಬಲು ಜಪಾನ್ ಪಟ್ಟ ಪಾಡು ಅದರ ಹತ್ತಿರಕ್ಕೂ ಬರಲಿಲ್ಲ. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮಾರ್ಮಿಕವಾಗಿ ಕಾಣುತ್ತದೆ. ಕೋರಲ್ ಸಮುದ್ರದ ಕದನದಲ್ಲಿ ಜಪಾನಿನ ಶೊಕಾಕು ಜಖಂಗೊಂಡಿತ್ತು, ಜೊತೆಗಿದ್ದ ಜುಯಿಕಾಕು ಹಡಗಿಗೆ ಗಾಯವೇ ಆಗಿರಲಿಲ್ಲ. ಅದು ಕಳೆದುಕೊಂಡದ್ದು ವಿಮಾನಗಳನ್ನು ಮತ್ತು ಸಿಬ್ಬಂದಿಯನ್ನು. ಶೊಕಾಕುವಿನಲ್ಲಿ ಉಳಿದವರನ್ನು ಜುಯಿಕಾಕುವಿಗೆ ಹತ್ತಿಸಿ ಮಿಡ್‌ವೇಗೆ ಕಳುಹಿಸುವ ಯೋಚನೆಯನ್ನು ಜಪಾನ್ ಮಾಡಲಿಲ್ಲ. ಗಾಯಗೊಂಡ ಹಡಗನ್ನು ಮೂರು ದಿನದಲ್ಲಿ ಕಳುಹಿಸಿದವರ ಎದುರು, ಗಾಯವಿಲ್ಲದ ಹಡಗನ್ನು ಬಂದರಿನಲ್ಲೇ ಉಳಿಸಿಕೊಂಡವರು ಸೋತರು.

ಯುರೋಪಿನ ಪೂರ್ವರಂಗದಲ್ಲಿ ಇದೇ ಲೆಕ್ಕ ಹತ್ತುಪಟ್ಟು ದೊಡ್ಡ ಪ್ರಮಾಣದಲ್ಲಿ ನಡೆಯಿತು. 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದೊಳಗೆ ನುಗ್ಗಿದ ಜರ್ಮನಿ ಚಳಿಗಾಲಕ್ಕೆ ಮುಂಚೆ ಯುದ್ಧ ಮುಗಿಯುವುದೆಂದು ನಂಬಿ, ಬೆಚ್ಚಗಿನ ಉಡುಪನ್ನೂ ಸಾಕಷ್ಟು ಒದಗಿಸಿರಲಿಲ್ಲ. ಡಿಸೆಂಬರ್ 5ರಂದು ಮಾಸ್ಕೋದ ಹೊಸ್ತಿಲಲ್ಲಿ ಸೋವಿಯತ್ ಪ್ರತಿದಾಳಿ ಶುರುವಾಯಿತು. ಎರಡು ದಿನಗಳ ನಂತರ ಪರ್ಲ್ ಹಾರ್ಬರ್. ಡಿಸೆಂಬರ್ 11ರಂದು ಹಿಟ್ಲರ್ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಸಾರಿದ. ಒಂದೇ ವಾರದಲ್ಲಿ ಜರ್ಮನಿಯ ಗೆಲುವಿನ ಬಾಗಿಲು ಮುಚ್ಚಿಕೊಂಡಿತು ಎಂದು ಹೇಳುವ ಇತಿಹಾಸಕಾರರಿದ್ದಾರೆ, ಅವರ ವಾದದಲ್ಲಿ ತೂಕವಿದೆ. ಆದರೂ 1942ರ ಬೇಸಿಗೆಯಲ್ಲಿ ಜರ್ಮನಿಗೆ ಇನ್ನೊಂದು ದೊಡ್ಡ ದಾಳಿಯ ಶಕ್ತಿ ಉಳಿದಿತ್ತು. ಆ ಶಕ್ತಿ ಕರಗಿದ್ದು ಸ್ಟಾಲಿನ್‌ಗ್ರಾಡಿನಲ್ಲಿ.

ಸ್ಟಾಲಿನ್‌ಗ್ರಾಡಿನ ಕಥೆ ಎಣ್ಣೆಯಿಂದ ಆರಂಭವಾಗುತ್ತದೆ. ಜರ್ಮನಿಗೆ ಸ್ವಂತ ತೈಲ ಅತ್ಯಲ್ಪ. ರೊಮೇನಿಯಾದ ಬಾವಿಗಳು ಮತ್ತು ಕಲ್ಲಿದ್ದಲಿನಿಂದ ತಯಾರಿಸಿದ ಕೃತಕ ಇಂಧನ, ಇವೆರಡೇ ಆಸರೆ. ಆದ್ದರಿಂದ 1942ರ ಜೂನ್ 28ರಂದು ಹೊರಟ ದಾಳಿಯ ನಿಜವಾದ ಗುರಿ ಕಾಕಸಸ್ ಪ್ರದೇಶದ ಮೈಕೋಪ್, ಗ್ರೋಜ್ನಿ ಮತ್ತು ಬಾಕು ತೈಲಕ್ಷೇತ್ರಗಳು. ಜುಲೈ 23ರಂದು ಹಿಟ್ಲರ್ ತನ್ನ ಪಡೆಯನ್ನು ಎರಡಾಗಿ ಒಡೆದ: ಒಂದು ದಕ್ಷಿಣಕ್ಕೆ ಎಣ್ಣೆಯ ಕಡೆಗೆ, ಇನ್ನೊಂದು ಪೂರ್ವಕ್ಕೆ ವೋಲ್ಗಾ ನದಿಯ ದಂಡೆಯ ಸ್ಟಾಲಿನ್‌ಗ್ರಾಡ್ ಕಡೆಗೆ. ಒಂದು ಕಾಲದಲ್ಲಿ ಒಂದು ಗುರಿಗಷ್ಟೇ ಸಾಲುತ್ತಿದ್ದ ಲಾರಿ ಮತ್ತು ಇಂಧನವನ್ನು ಎರಡು ಕಡೆಗೆ ಹಂಚಲಾಯಿತು. ಆಗಸ್ಟ್‌ನಲ್ಲಿ ಮೈಕೋಪ್ ಕೈಗೆ ಸಿಕ್ಕಿತು, ಆದರೆ ಬಾವಿಗಳನ್ನು ಸೋವಿಯತ್ ಪಡೆ ಹಾಳುಗೆಡವಿ ಹೋಗಿತ್ತು. ಬಾಕುವನ್ನು ಜರ್ಮನ್ ಸೇನೆ ಎಂದೂ ತಲುಪಲಿಲ್ಲ.

ಆಗಸ್ಟ್ 23ರ ವೈಮಾನಿಕ ದಾಳಿಯಿಂದ ನಗರ ಕಲ್ಲುರಾಶಿಯಾಯಿತು; ಆ ಕಲ್ಲುರಾಶಿಯೇ ಮುಂದೆ ರಕ್ಷಿಸುವವರಿಗೆ ಕೋಟೆಯಾಯಿತು. ಸೆಪ್ಟೆಂಬರ್ 12ರಂದು ಸೋವಿಯತ್ 62ನೇ ಸೇನೆಯ ಹೊಣೆ ಹೊತ್ತ ವಾಸಿಲಿ ಚುಯಿಕೋವ್ ತನ್ನ ಸೈನಿಕರಿಗೆ ಶತ್ರುವಿನ ಮೈಗೆ ಅಂಟಿಕೊಂಡಿರಲು ಹೇಳಿದ. ಎರಡು ಸಾಲುಗಳ ನಡುವೆ ಕೆಲವೇ ಗಜಗಳ ಅಂತರವಿದ್ದರೆ ಜರ್ಮನ್ ವಿಮಾನಗಳು ತಮ್ಮವರಿಗೇ ತಗಲುವ ಭಯದಿಂದ ಬಾಂಬ್ ಹಾಕಲಾರವು ಎಂಬುದು ಅವನ ಲೆಕ್ಕಾಚಾರ. ಹೋರಾಟ ಬೀದಿಯಿಂದ ಮನೆಗೆ, ಮನೆಯಿಂದ ಮಹಡಿಗೆ, ಮಹಡಿಯಿಂದ ಕೋಣೆಗೆ ಇಳಿಯಿತು. ಟ್ರಾಕ್ಟರ್ ಕಾರ್ಖಾನೆ, ಧಾನ್ಯದ ಕಣಜ, ಮಮಾಯೆವ್ ದಿಬ್ಬ ಕೈಯಿಂದ ಕೈಗೆ ಬದಲಾದವು. ಸಾರ್ಜೆಂಟ್ ಪಾವ್ಲೋವ್ ಹೆಸರಿನಿಂದ ಪ್ರಸಿದ್ಧವಾದ ನಾಲ್ಕು ಅಂತಸ್ತಿನ ಮನೆಯೊಂದನ್ನು ಒಂದು ಸಣ್ಣ ತಂಡ 58 ದಿನ ಬಿಟ್ಟುಕೊಡಲಿಲ್ಲ. ಕುಮಕು, ಮದ್ದುಗುಂಡು, ರೊಟ್ಟಿ ಎಲ್ಲವೂ ಇರುಳಿನಲ್ಲಿ ವೋಲ್ಗಾ ದಾಟಿ ದೋಣಿಗಳಲ್ಲಿ ಬರಬೇಕಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಹೀಗೆ ದಾಟಿದ ರೋದಿಮ್‌ತ್ಸೆವ್‌ನ 13ನೇ ಗಾರ್ಡ್ಸ್ ಡಿವಿಷನ್‌ನ ಸುಮಾರು 10,000 ಜನರಲ್ಲಿ ಕದನದ ಕೊನೆಗೆ ಉಳಿದವರು ತೀರಾ ಕೆಲವರು.

ಈ ವೀರಕಥೆಗಳ ನಡುವೆ ಮರೆಯಾಗುವ ಸಂಗತಿಯೆಂದರೆ, ಚುಯಿಕೋವ್‌ಗೆ ಉನ್ನತ ದಳಪತಿಗಳು ಬೇಕೆಂದೇ ಹಿಡಿಹಿಡಿಯಾಗಿ ಕುಮಕು ಕಳುಹಿಸುತ್ತಿದ್ದರು. ನಗರ ಬೀಳಬಾರದು, ಅಷ್ಟೇ. ಜರ್ಮನಿಯ 6ನೇ ಸೇನೆ ಅಲ್ಲಿ ತಲೆ ಹುದುಗಿಸಿಕೊಂಡಿರುವಾಗ ಝುಕೋವ್ ಮತ್ತು ವಾಸಿಲೆವ್‌ಸ್ಕಿ ನಗರದ ವಾಯವ್ಯಕ್ಕೂ ದಕ್ಷಿಣಕ್ಕೂ ಹತ್ತು ಲಕ್ಷ ಸೈನಿಕರನ್ನು ರಾತ್ರಿಯ ಹೊತ್ತು ಸಾಗಿಸಿ ಅಡಗಿಸಿಟ್ಟರು. ಜರ್ಮನ್ ಪಡೆಯ ಎರಡೂ ಪಕ್ಕಗಳನ್ನು ಕಾಯುತ್ತಿದ್ದವರು ಟ್ಯಾಂಕ್ ನಿರೋಧಕ ಫಿರಂಗಿಗಳ ಕೊರತೆಯಿದ್ದ ರೊಮೇನಿಯಾದ ಸೇನೆಗಳು. ಅವರ ಬೆನ್ನಿಗಿದ್ದ ಜರ್ಮನಿಯ ಒಂದು ಟ್ಯಾಂಕ್ ಡಿವಿಷನ್ ಇಂಧನ ಉಳಿಸಲೆಂದು ತನ್ನ ಟ್ಯಾಂಕುಗಳನ್ನು ಹುಲ್ಲು ಮುಚ್ಚಿ ವಾರಗಟ್ಟಲೆ ನಿಲ್ಲಿಸಿತ್ತು. ಬುಲಾವ್ ಬಂದ ದಿನ ಚಾಲಕರು ಎಂಜಿನ್ ಹಚ್ಚಿದರೆ ಅನೇಕ ಟ್ಯಾಂಕುಗಳು ಅಲುಗಲಿಲ್ಲ: ಹುಲ್ಲಿನಲ್ಲಿ ಗೂಡು ಕಟ್ಟಿದ್ದ ಇಲಿಗಳು ವಿದ್ಯುತ್ ತಂತಿಗಳ ಹೊದಿಕೆಯನ್ನು ತಿಂದುಹಾಕಿದ್ದವು. ಇಲಿಗಳಿಂದ ಜರ್ಮನಿ ಸ್ಟಾಲಿನ್‌ಗ್ರಾಡಿನಲ್ಲಿ ಸೋತಿತೆಂದು ಹೇಳುವುದು ತಮಾಷೆಯಾದೀತು. ಆದರೆ ಟ್ಯಾಂಕು ಹುಲ್ಲಿನಡಿ ನಿಂತದ್ದೇಕೆ ಎಂದು ಕೇಳಿದರೆ ಉತ್ತರ ಮತ್ತೆ ಎಣ್ಣೆಯ ಕೊರತೆಗೇ ಬಂದು ನಿಲ್ಲುತ್ತದೆ.

ನವೆಂಬರ್ 19ರಂದು ದಾಳಿ ಆರಂಭವಾಗಿ, ನಾಲ್ಕೇ ದಿನಗಳಲ್ಲಿ ಸೋವಿಯತ್ ಪಡೆಯ ಎರಡು ತೋಳುಗಳು ಕಲಾಚ್ ಬಳಿ ಕೂಡಿಕೊಂಡವು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಒಳಗೆ ಸಿಕ್ಕಿಬಿದ್ದರು. ಅವರಿಗೆ ಆಕಾಶದಿಂದಲೇ ಅನ್ನ ಹಾಕುವೆನೆಂದು ಜರ್ಮನ್ ವಿಮಾನಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ; ಹಿಟ್ಲರ್ ಆ ಮಾತನ್ನು ನಂಬಿ, ಹೊರಬೀಳಲು ಅನುಮತಿ ಕೊಡಲಿಲ್ಲ. ದಿನಕ್ಕೆ ಕನಿಷ್ಠ 500 ಟನ್ ಬೇಕಿತ್ತು. ಸರಾಸರಿ ತಲುಪಿದ್ದು 100 ಟನ್ನಿನ ಆಸುಪಾಸು, ಅತ್ಯುತ್ತಮ ದಿನದಲ್ಲೂ 300 ಟನ್ ಮುಟ್ಟಲಿಲ್ಲ. ಹಿಮಗಾಳಿ, ಸೋವಿಯತ್ ವಿಮಾನ ನಿರೋಧಕ ಫಿರಂಗಿಗಳು, ಸಾಕಾಗದ ವಿಮಾನಗಳು, ದಿನದಿನಕ್ಕೆ ದೂರವಾಗುತ್ತಿದ್ದ ನೆಲೆಗಳು: ಎಲ್ಲ ಸೇರಿ ಸುಮಾರು 490 ಸಾಗಣೆ ವಿಮಾನಗಳು ನಾಶವಾದವು. ಚಳಿಗಾಲದಲ್ಲಿ ಮೇವು ಉಳಿಸಲೆಂದು ಸೇನೆಯ ಬಹುಪಾಲು ಕುದುರೆಗಳನ್ನು ಮೊದಲೇ ಪಶ್ಚಿಮಕ್ಕೆ ಅಟ್ಟಲಾಗಿತ್ತು. ಹೀಗಾಗಿ ಒಳಗಿದ್ದ ಫಿರಂಗಿಗಳನ್ನು ಎಳೆದುಕೊಂಡು ಹೊರಬೀಳುವ ಶಕ್ತಿಯೂ ಉಳಿದಿರಲಿಲ್ಲ, ಹಸಿದಾಗ ಕೊಯ್ದು ತಿನ್ನಲು ಕುದುರೆಗಳೂ ಸಾಕಷ್ಟಿರಲಿಲ್ಲ. ದಿನದ ಬ್ರೆಡ್ 200 ಗ್ರಾಮಿಗೆ ಇಳಿಯಿತು, ಆಮೇಲೆ ಅದಕ್ಕಿಂತಲೂ ಕೆಳಕ್ಕೆ. ಡಿಸೆಂಬರ್‌ನಲ್ಲಿ ಜರ್ಮನ್ ಸೇನಾಪತಿ ಮ್ಯಾನ್‌ಸ್ಟೈನ್ ಬಿಡಿಸಲು ಬಂದು ಸುಮಾರು 50 ಕಿಲೋಮೀಟರ್ ದೂರದಲ್ಲಿ ತಡೆಯಲ್ಪಟ್ಟ. 1943ರ ಜನವರಿ 30ರಂದು ಹಿಟ್ಲರ್ ಸೇನಾಪತಿ ಪೌಲಸ್‌ಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟ; ಜರ್ಮನಿಯ ಯಾವ ಫೀಲ್ಡ್ ಮಾರ್ಷಲ್ಲನೂ ಸೆರೆಯಾದದ್ದಿಲ್ಲ, ಆದ್ದರಿಂದ ಪ್ರಾಣ ಬಿಡು ಎಂಬುದು ಅದರ ಒಳಾರ್ಥ. ಪೌಲಸ್ ಮರುದಿನವೇ ಶರಣಾದ. ಸೆರೆಸಿಕ್ಕ ಸುಮಾರು 91,000 ಜನರಲ್ಲಿ ವರ್ಷಗಳ ನಂತರ ಊರಿಗೆ ಮರಳಿದವರು ಐದಾರು ಸಾವಿರ.

ಸೋವಿಯತ್ ಪಕ್ಷದಲ್ಲಿ ಸತ್ತವರು ಮತ್ತು ಕಾಣೆಯಾದವರೇ ನಾಲ್ಕು ಲಕ್ಷಕ್ಕೂ ಹೆಚ್ಚು. ಅಂದರೆ ಗೆದ್ದವನು ತೆತ್ತ ಬೆಲೆಯೂ ಭಯಂಕರ. ಆದರೆ ಯೂರಲ್ ಪರ್ವತದಾಚೆಗೆ ಸಾಗಿಸಿದ ಕಾರ್ಖಾನೆಗಳಿಂದ ಟ್ಯಾಂಕುಗಳು ಹೊರಬರುತ್ತಿದ್ದವು, ಅಮೆರಿಕದ ಲಾರಿಗಳು ಇರಾನಿನ ದಾರಿಯಿಂದ ಬರತೊಡಗಿದ್ದವು. ಒಬ್ಬರ ಕಣಜ ಖಾಲಿಯಾಗುತ್ತಿದ್ದರೆ ಇನ್ನೊಬ್ಬರದು ತುಂಬುತ್ತಿತ್ತು. ಅದೇ ವರ್ಷದ ಜುಲೈನಲ್ಲಿ ಕರ್ಸ್ಕ್ ಬಳಿ ಜರ್ಮನಿ ಮತ್ತೊಮ್ಮೆ ಪ್ರಯತ್ನಿಸಿ ವಿಫಲವಾಯಿತು. ಪೂರ್ವರಂಗದಲ್ಲಿ ಅಷ್ಟು ದೊಡ್ಡ ದಾಳಿಗೆ ಅದು ಮತ್ತೆಂದೂ ಕೈಹಾಕಲಿಲ್ಲ. 1944ರ ಜೂನ್‌ನಲ್ಲಿ ಬೆಲಾರಸ್‌ನಲ್ಲಿ ನಡೆದ ಬಾಗ್ರತಿಯೋನ್ ಕಾರ್ಯಾಚರಣೆಯಲ್ಲಿ ಜರ್ಮನಿ ಕಳೆದುಕೊಂಡ ಜನ ಸ್ಟಾಲಿನ್‌ಗ್ರಾಡಿಗಿಂತ ಕಡಿಮೆಯೇನಲ್ಲ. ಬ್ರಿಟನ್ ಮತ್ತು ಅಮೆರಿಕದ ಪಡೆಗಳು ಬಂದಿಳಿದ ಫ್ರಾನ್ಸಿನ ನಾರ್ಮಂಡಿಯ ಹೆಸರು ಬಲ್ಲ ನಮ್ಮಲ್ಲಿ ಈ ಹೆಸರನ್ನು ಕೇಳಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಜುಲೈ 17ರಂದು 57,000 ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಲಾಯಿತು. ಅವರ ಹಿಂದೆಯೇ ನೀರಿನ ಲಾರಿಗಳು ಬಂದು ರಸ್ತೆ ತೊಳೆದವು.

ಸ್ಟಾಲಿನ್‌ಗ್ರಾಡ್ ಉರಿಯುತ್ತಿದ್ದ ಅದೇ ದಿನಗಳಲ್ಲಿ ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಸೋತ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅಲ್ಲಿಂದ ಅಲೆಕ್ಸಾಂಡ್ರಿಯಾ ಬಂದರು ಸುಮಾರು 100 ಕಿಲೋಮೀಟರ್; ರೊಮೆಲ್‌ನ ಇಂಧನ ಬರಬೇಕಾಗಿದ್ದುದು ಮೆಡಿಟರೇನಿಯನ್ ಸಮುದ್ರ ದಾಟಿ, ಆಮೇಲೆ ನೂರಾರು ಕಿಲೋಮೀಟರ್ ಮರಳುಗಾಡಿನ ರಸ್ತೆ ಸವೆಸಿ. ಮುಂದೆ ಹೋದಷ್ಟೂ ಲಾರಿಗಳು ತಾವು ಹೊತ್ತು ತಂದ ಎಣ್ಣೆಯಲ್ಲಿ ಹೆಚ್ಚು ಹೆಚ್ಚು ಪಾಲನ್ನು ತಾವೇ ಕುಡಿಯುತ್ತಿದ್ದವು. ಜುಲೈ 1ರಂದು ದೈರ್ ಎಲ್ ಶೀನ್ ಎಂಬ ತಗ್ಗಿನಲ್ಲಿ ಭಾರತೀಯ ಸೇನೆಯ 18ನೇ ಬ್ರಿಗೇಡ್ ಒಂದು ಹಗಲು ಅವನನ್ನು ತಡೆದು ತಾನು ನಾಶವಾಯಿತು. ಆ ಒಂದು ದಿನದಲ್ಲಿ ಹಿಂದಿನ ಸಾಲು ಗಟ್ಟಿಯಾಯಿತು. ಅಕ್ಟೋಬರ್ 23ರಂದು ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿ ಎರಡು ಪಟ್ಟು ಬಲದೊಡನೆ ದಾಳಿ ಆರಂಭಿಸಿದಾಗ ರೊಮೆಲ್ ಕಾಯುತ್ತಿದ್ದ ಎಣ್ಣೆಯ ಹಡಗುಗಳು ಟೊಬ್ರೂಕ್ ಬಂದರಿನ ಹೊರಗೇ ಒಂದರ ಹಿಂದೆ ಒಂದು ಮುಳುಗಿದವು.

ಈ ಎಲ್ಲ ಕದನಗಳ ಅಡಿಯಲ್ಲಿ ಇನ್ನೊಂದು ಕದನ ಸದ್ದಿಲ್ಲದೆ ನಡೆದಿತ್ತು. ಅಟ್ಲಾಂಟಿಕ್ ಸಾಗರದ ಆ ಹೋರಾಟ 1939ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಜರ್ಮನಿ ಶರಣಾಗುವವರೆಗೂ ನಿಲ್ಲಲಿಲ್ಲ. ಬ್ರಿಟನ್ನಿನ ಎಣ್ಣೆಯೆಲ್ಲ, ಆಹಾರದ ದೊಡ್ಡ ಪಾಲು ಕಡಲ ಮೇಲಿಂದ ಬರಬೇಕಿತ್ತು. ಕಟ್ಟುವುದಕ್ಕಿಂತ ವೇಗವಾಗಿ ಹಡಗುಗಳನ್ನು ಮುಳುಗಿಸಿದರೆ ಸಾಕು, ಬ್ರಿಟನ್ ಹಸಿವಿನಿಂದಲೇ ಮಣಿಯುತ್ತದೆ ಎಂಬುದು ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಡ್ಯೋನಿಟ್ಜ್ ಹಾಕಿದ ಸರಳ ಗಣಿತ. ವ್ಯಾಪಾರಿ ಹಡಗುಗಳು ಬೆಂಗಾವಲಿನೊಡನೆ ಗುಂಪಾಗಿ ಸಾಗುತ್ತಿದ್ದವು. ಜಲಾಂತರ್ಗಾಮಿಗಳು ತೋಳಗಳಂತೆ ಗುಂಪುಗೂಡಿ ಇರುಳಿನಲ್ಲಿ ಎರಗುತ್ತಿದ್ದವು. ಸಾಗರದ ನಡುವೆ ಎರಡೂ ದಡದ ವಿಮಾನಗಳು ತಲುಪಲಾಗದ ಒಂದು ಪಟ್ಟಿ ಇತ್ತು, ಅತಿ ಹೆಚ್ಚು ಹಡಗುಗಳು ಮುಳುಗಿದ್ದು ಅಲ್ಲಿ.

1943ರ ಮಾರ್ಚ್‌ನಲ್ಲಿ ಬೆಂಗಾವಲಿನ ಇಂಥ ಎರಡು ಗುಂಪುಗಳಿಂದ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಮುಳುಗಿದಾಗ ಈ ಪದ್ಧತಿಯೇ ಮುರಿದುಬಿತ್ತೇನೋ ಎಂಬ ಆತಂಕ ಹುಟ್ಟಿತ್ತು. ಮೇ ತಿಂಗಳ ಕೊನೆಗೆ ಸೋತವನು ಡ್ಯೋನಿಟ್ಜ್. ಎರಡೇ ತಿಂಗಳಲ್ಲಿ ಆದದ್ದೇನು ಎಂದರೆ, ಬಿಡಿಬಿಡಿಯಾಗಿ ಬೆಳೆಯುತ್ತಿದ್ದ ಹಲವು ಉಪಾಯಗಳು ಒಟ್ಟಿಗೆ ಕೈಗೂಡಿದವು. ದೂರ ಹಾರುವ ಲಿಬರೇಟರ್ ವಿಮಾನಗಳು ಆ ನಡುವಿನ ಪಟ್ಟಿಯನ್ನು ಮುಚ್ಚಿದವು. ಕತ್ತಲಲ್ಲೂ ಜಲಾಂತರ್ಗಾಮಿಯನ್ನು ಗುರುತಿಸುವ, ಜರ್ಮನರು ಪತ್ತೆಹಚ್ಚಲಾಗದ ಕಿರು ತರಂಗದ ರಾಡಾರ್ ಬಂತು. ಬ್ರಿಟನ್ನಿನ ಗೂಢಲಿಪಿ ಭೇದಕರ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನಿಯ ಎನಿಗ್ಮಾ ಗೂಢಲಿಪಿ ಯಂತ್ರದ ಸಂದೇಶಗಳ ಓದು ಮತ್ತೆ ಸಾಧ್ಯವಾಗಿತ್ತು. ಈ ಕೊನೆಯದಕ್ಕೆ ಕಾರಣವಾದ ಸಂಕೇತ ಪುಸ್ತಕಗಳನ್ನು 1942ರ ಅಕ್ಟೋಬರ್ 30ರಂದು ಮುಳುಗುತ್ತಿದ್ದ ಜರ್ಮನ್ ಜಲಾಂತರ್ಗಾಮಿ ಯು-559ರ ಒಳಗಿಳಿದು ತೆಗೆದುಕೊಟ್ಟ ಫ್ಯಾಸನ್ ಮತ್ತು ಗ್ರೇಜಿಯರ್ ಎಂಬ ಇಬ್ಬರು ನಾವಿಕರು ಅದರೊಡನೆಯೇ ಮುಳುಗಿಹೋದರು. ಮೇ ಒಂದೇ ತಿಂಗಳಲ್ಲಿ 41 ಜಲಾಂತರ್ಗಾಮಿಗಳು ನಾಶವಾದವು, 24ರಂದು ಡ್ಯೋನಿಟ್ಜ್ ತನ್ನ ಪಡೆಯನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆದುಕೊಂಡ. ಇತ್ತ ಅಮೆರಿಕದ ಹಡಗುಕಟ್ಟೆಗಳಿಂದ ಲಿಬರ್ಟಿ ಎಂಬ ಸರಕು ಹಡಗುಗಳು ಹೊರಬೀಳುತ್ತಿದ್ದವು, ಒಟ್ಟು 2,710. ನನ್ನನ್ನು ಕೇಳಿದರೆ, ಇದೊಂದು ಕದನ ಸೋತಿದ್ದರೆ ನಾರ್ಮಂಡಿಯೂ ಇಲ್ಲ, ಇಟಲಿಯೂ ಇಲ್ಲ. ಆದರೂ ಯಾವ ಒಂದು ದಿನಕ್ಕೂ, ಯಾವ ಒಂದು ಊರಿಗೂ ಸೇರದ ಕದನವಾದ್ದರಿಂದ ಜನರ ನೆನಪಿನಲ್ಲಿ ಅದಕ್ಕೆ ತಕ್ಕ ಜಾಗ ಸಿಗಲಿಲ್ಲ.

ಭಾರತದ ನೆಲದಲ್ಲೇ ನಡೆದ ಇಂಫಾಲ ಮತ್ತು ಕೊಹಿಮಾ ಕದನಗಳಿಗೂ ಬಹುಕಾಲ ಇದೇ ಗತಿಯಾಯಿತು. 1944ರ ಮಾರ್ಚ್‌ನಲ್ಲಿ ಜಪಾನಿನ ಜನರಲ್ ಮುತಾಗುಚಿ ಸುಮಾರು 85,000 ಸೈನಿಕರೊಡನೆ ಚಿಂದ್ವಿನ್ ನದಿ ದಾಟಿ ಮಣಿಪುರದತ್ತ ಬಂದ. ಜೊತೆಗೆ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ತುಕಡಿಗಳಿದ್ದವು. ಎದುರಿಗೆ ಜನರಲ್ ಸ್ಲಿಮ್‌ನ 14ನೇ ಸೇನೆಯಲ್ಲಿ ಬಹುಸಂಖ್ಯಾತರು ಭಾರತೀಯರೇ. ಕಾಡಿನ ಬೆಟ್ಟದಾರಿಯಲ್ಲಿ ಸರಬರಾಜು ಅಸಾಧ್ಯವೆಂದು ಕೆಳಗಿನ ಅಧಿಕಾರಿಗಳು ಹೇಳಿದಾಗ ಮುತಾಗುಚಿಗೆ ಅದು ಹೇಡಿತನವಾಗಿ ಕಂಡಿತು. ಮೂರು ವಾರದ ಆಹಾರ ಹೊತ್ತು ಹೊರಡುವುದು, ದನಗಳ ಮಂದೆಯನ್ನು ಜೊತೆಗೆ ನಡೆಸಿಕೊಂಡು ಹೋಗಿ ದಾರಿಯಲ್ಲಿ ಕೊಯ್ದು ತಿನ್ನುವುದು, ಆಮೇಲೆ ಇಂಫಾಲದ ಬ್ರಿಟಿಷ್ ಉಗ್ರಾಣಗಳನ್ನು ಕಿತ್ತುಕೊಂಡು ಉಣ್ಣುವುದು ಅವನ ಯೋಜನೆ. ದನಗಳಲ್ಲಿ ಅನೇಕವು ಚಿಂದ್ವಿನ್ ದಾಟುವಾಗಲೇ ಕೊಚ್ಚಿಹೋದವು, ಉಳಿದವು ಬೆಟ್ಟ ಹತ್ತಲಾರದೆ ಕುಸಿದವು.

ಕೊಹಿಮಾದ ದಿಬ್ಬದಲ್ಲಿ ಸುಮಾರು 1,500 ಕಾದಾಳುಗಳು ಜನರಲ್ ಸಾಟೊನ 31ನೇ ಡಿವಿಷನ್ನನ್ನು ಏಪ್ರಿಲ್ 4ರಿಂದ ಎರಡು ವಾರ ತಡೆದರು. ಅವರಲ್ಲಿ ವೆಸ್ಟ್ ಕೆಂಟ್ ರೆಜಿಮೆಂಟಿನವರೂ, ಅಸ್ಸಾಂ ರೆಜಿಮೆಂಟ್ ಮತ್ತು ಅಸ್ಸಾಂ ರೈಫಲ್ಸ್‌ನವರೂ ಇದ್ದರು. ಸುತ್ತಲಿನ ನಾಗಾ ಜನ ದಾರಿ ತೋರಿಸಿದರು, ಸುದ್ದಿ ತಂದರು, ಗಾಯಾಳುಗಳನ್ನು ಹೊತ್ತರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಒಂದು ಬದಿ ಇವರ ಕಂದಕ, ಇನ್ನೊಂದು ಬದಿ ಅವರ ಕಂದಕ. ನಡುವೆ ಚೆಂಡಿನ ಬದಲು ಕೈಬಾಂಬುಗಳು ಹಾರಾಡಿದವು. ಬೆಂಬಲ ಬಂದು ತಲುಪಿದ ಮೇಲೂ ದಿಬ್ಬವನ್ನು ಪೂರ್ತಿ ಬಿಡಿಸಿಕೊಳ್ಳಲು ವಾರಗಳು ಹಿಡಿದವು.

ಇತ್ತ ಇಂಫಾಲದ ಬಯಲಿನಲ್ಲಿ ಸುಮಾರು ಒಂದೂವರೆ ಲಕ್ಷ ಜನ ಮುತ್ತಿಗೆಯೊಳಗಿದ್ದರು. ಗೋರಿಂಗ್ ಸ್ಟಾಲಿನ್‌ಗ್ರಾಡಿನಲ್ಲಿ ಕೊಟ್ಟು ನಡೆಸಲಾಗದ ಮಾತು ಇಲ್ಲಿ ನಡೆಯಿತು. ಆಕಾಶ ಮಿತ್ರಪಕ್ಷದ ವಶದಲ್ಲಿತ್ತು. ಇಂಫಾಲ ಮತ್ತು ಪಲೇಲ್‌ನಲ್ಲಿ ಮಳೆಗಾಲದಲ್ಲೂ ಬಳಸಬಲ್ಲ ವಿಮಾನ ನಿಲ್ದಾಣಗಳಿದ್ದವು. ಅಸ್ಸಾಂ ಮತ್ತು ಬಂಗಾಳದ ನೆಲೆಗಳು ಹತ್ತಿರದಲ್ಲಿದ್ದವು. 5ನೇ ಭಾರತೀಯ ಡಿವಿಷನ್ನನ್ನು ಬರ್ಮಾದ ಅರಕಾನ್ ರಂಗದಿಂದ ಹೇಸರಗತ್ತೆ, ಫಿರಂಗಿಗಳ ಸಮೇತ ವಿಮಾನದಲ್ಲಿ ತಂದು ಇಳಿಸಲಾಯಿತು. ಮುತ್ತಿಗೆಯ ಕಾಲದಲ್ಲಿ ಸುಮಾರು 19,000 ಟನ್ ಸಾಮಗ್ರಿ ಆಕಾಶದಿಂದ ಬಂತು. ಇಷ್ಟು ದೊಡ್ಡ ವಿಮಾನ ಸಮೂಹವನ್ನು ಹಾರಾಟದಲ್ಲಿ ಇಡುವುದಕ್ಕೆ ಹಿಂದೆ ದೂರದಲ್ಲಿ ದೊಡ್ಡ ಕಾರ್ಖಾನೆಗಳು ಬೇಕು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಶುರುವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆಗ ಅಮೆರಿಕದ ವಿಮಾನಪಡೆಯ ಕೈಯಲ್ಲಿ ಈ ರಂಗದ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಈ ಜಮಾಖರ್ಚಿನ ಇನ್ನೊಂದು ಪುಟವನ್ನೂ ಮುಚ್ಚಿಡುವಂತಿಲ್ಲ: ಸೇನೆಗೆ ಅನ್ನ ಹಾರಿಬಂದ ಇದೇ ಪೂರ್ವ ಭಾರತದಲ್ಲಿ, ಹಿಂದಿನ ವರ್ಷ, ಬರ್ಮಾದ ಅಕ್ಕಿ ನಿಂತು, ಸರ್ಕಾರ ಕೈಚೆಲ್ಲಿ, ಬಂಗಾಳದ ಸುಮಾರು 30 ಲಕ್ಷ ಜನ ಬರಗಾಲಕ್ಕೆ ಬಲಿಯಾಗಿದ್ದರು.

ಜೂನ್ 22ರಂದು ಕೊಹಿಮಾ ಕಡೆಯಿಂದ ಬಂದವರೂ ಇಂಫಾಲದಿಂದ ಹೊರಟವರೂ 109ನೇ ಮೈಲಿಗಲ್ಲಿನ ಬಳಿ ಕೈಕುಲುಕಿದರು, ಮುತ್ತಿಗೆ ಮುಗಿಯಿತು. ಜಪಾನಿನ 85,000 ಜನರಲ್ಲಿ 50,000ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ನಿರುಪಯುಕ್ತರಾದರು. ಗುಂಡಿಗಿಂತ ಹಸಿವೆ, ಮಲೇರಿಯಾ, ಆಮಶಂಕೆಯಿಂದ ಸತ್ತವರು ಹೆಚ್ಚು. ಬರ್ಮಾದ ಬಾಗಿಲು ತೆರೆದುಕೊಂಡಿತು. 1945ರ ಆರಂಭದಲ್ಲಿ ಅರಕಾನ್‌ನ ಕಾಂಗಾವ್ ಕದನದಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯ ತಮ್ಮ ಬೆಟಾಲಿಯನ್ನನ್ನು ಮುನ್ನಡೆಸಿದ್ದು ಜಪಾನೀಯರು ಹಿಂದೆ ಸರಿಯುತ್ತಿದ್ದ ಈ ಕೊನೆಯ ಘಟ್ಟದಲ್ಲೇ.

ಕೊಹಿಮಾದಿಂದ ಜನರಲ್ ಸಾಟೊ ಮೇಲಿನವರ ಆಜ್ಞೆಯನ್ನು ಮೀರಿ ಹಿಂದೆ ಸರಿದಿದ್ದ. ಹೊರಟಾಗಿನಿಂದ ತನ್ನ ಡಿವಿಷನ್ನಿಗೆ ಹಿಂದಿನಿಂದ ಅಕ್ಕಿಯೂ ಮದ್ದುಗುಂಡೂ ಬಂದಿಲ್ಲವೆಂಬುದು ಅವನ ದೂರು. ಡಿವಿಷನ್ನಿನ ಮುಖ್ಯಸ್ಥನೇ ಹೀಗೆ ಆಜ್ಞೆ ಮೀರುವುದು ಜಪಾನೀ ಸೇನೆಯಲ್ಲಿ ಕೇಳರಿಯದ ಸಂಗತಿ. ಅವನನ್ನು ಹುದ್ದೆಯಿಂದ ತೆಗೆಯಲಾಯಿತು. ಆತ್ಮಹತ್ಯೆ ಮಾಡಿಕೊಳ್ಳಬೇಕೆಂಬ ಸೂಚನೆಯನ್ನು ತಿರಸ್ಕರಿಸಿ ಅವನು ಸೇನಾ ನ್ಯಾಯಾಲಯದ ವಿಚಾರಣೆಯನ್ನೇ ಬೇಡಿದ. ವಿಚಾರಣೆ ನಡೆದಿದ್ದರೆ ಎಷ್ಟು ಅಕ್ಕಿ ಕಳುಹಿಸುವುದಾಗಿ ಹೇಳಲಾಗಿತ್ತು, ಎಷ್ಟು ತಲುಪಿತು ಎಂಬ ಲೆಕ್ಕ ದಾಖಲೆಗೆ ಬರುತ್ತಿತ್ತು. ಅದರ ಬದಲು ವೈದ್ಯರನ್ನು ಕರೆಸಿ, ಜನರಲ್ ಸಾಟೊನ ಮನಸ್ಸು ಸ್ಥಿಮಿತದಲ್ಲಿಲ್ಲವೆಂದು ಬರೆಸಲಾಯಿತು.